ಹೊಟ್ಟೆಹುಣ್ಣು: ಗ್ಯಾಸ್ ಮಾತ್ರೆಯ ಪಟ್ಟಿ ಹರಿಯುವ ಮುಂಚೆ

ಅಡಿಕೆ ಸುಲಿಯುವ ದಿನ ಬಂತೆಂದರೆ ಶಿರಸಿಯ ನನ್ನ ಔಷಧಿ ಅಂಗಡಿಯಲ್ಲಿ ಎರಡು ಥರದ ಮಾತ್ರೆ ಜೋಡಿಯಾಗಿ ಖಾಲಿಯಾಗುತ್ತವೆ. ರಾತ್ರಿ ಹನ್ನೊಂದರವರೆಗೆ ಕತ್ತಿಯ ಮುಂದೆ ಕೂತು ಸೊಂಟ ಹಿಡಿದವರು ಬಂದು ನೋವಿನ ಮಾತ್ರೆ ಕೇಳುತ್ತಾರೆ. ಎಂಟು ದಿನ ಬಿಟ್ಟು ಅವರೇ ಬಂದು, ‘ಹೊಟ್ಟೆ ಉರೀತದೆ, ಗ್ಯಾಸಿಂದು ಒಂದು ಪಟ್ಟಿ ಕೊಡಿ’ ಅನ್ನುತ್ತಾರೆ. ಮೊದಲನೆಯ ಮಾತ್ರೆಗೂ ಎರಡನೆಯದಕ್ಕೂ ನಂಟಿದೆ ಎಂದು ಅವರಿಗೆ ಹೊಳೆಯುವುದಿಲ್ಲ. ಗೊತ್ತಿದ್ದ ನಾನೂ ಬಹಳ ವರ್ಷ ಬಾಯಿಬಿಟ್ಟು ಹೇಳಿರಲಿಲ್ಲ, ಚಿಕ್ಕಮ್ಮ ಬಚ್ಚಲುಮನೆಯ ಬಾಗಿಲಲ್ಲಿ ತಲೆ ತಿರುಗಿ ಬೀಳುವವರೆಗೆ.

ಆ ಕತೆ ಮುಂದೆ ಬರುತ್ತದೆ. ಹುಣ್ಣಿದೆಯೇನೋ ಎಂಬ ಅನುಮಾನ ಬಂದಲ್ಲಿಂದ ಹಿಡಿದು ವಾಸಿಯಾಯಿತು ಎಂದು ಖಾತ್ರಿಯಾಗುವವರೆಗೆ ಏನೇನು ಮಾಡಬೇಕು ಎಂಬುದನ್ನು ಒಂದೊಂದಾಗಿ ಬರೆಯುತ್ತೇನೆ. ನಾನು ಔಷಧಿ ಕೊಡುವವನು, ಬರೆದುಕೊಡುವವನಲ್ಲ. ಹಾಗಾಗಿ ಇದನ್ನು ಓದಿ ನೀವೇ ಮಾತ್ರೆ ಆರಿಸಿಕೊಳ್ಳಬೇಡಿ. ಡಾಕ್ಟರ ಮುಂದೆ ಕೂತಾಗ ಏನು ಹೇಳಬೇಕು, ಏನು ಕೇಳಬೇಕು ಎಂಬುದಕ್ಕೆ ಇದು ಸಾಕು.

ಹುಣ್ಣು ಆಗುವುದು ಯಾಕೆ

ಜಠರದಲ್ಲಿ ಊರುವ ಆಮ್ಲ ಮಾಂಸವನ್ನೂ ಅರಗಿಸುವಷ್ಟು ತೀಕ್ಷ್ಣವಾದದ್ದು. ಅದು ಜಠರವನ್ನೇ ತಿಂದುಹಾಕದಂತೆ ಒಳಗೋಡೆಯ ಮೇಲೆ ಲೋಳೆಯ ಪದರವೊಂದು ಕಾವಲಿರುತ್ತದೆ. ಕಾವಲು ಹರಿದಲ್ಲಿ ಆಮ್ಲ ತಾಗಿ ಗಾಯವಾಗುತ್ತದೆ. ಗಾಯ ಜಠರದಲ್ಲೇ ಆಗಬಹುದು, ಅದರಾಚೆ ಸಣ್ಣಕರುಳು ಶುರುವಾಗುವ ಡ್ಯುವೋಡಿನಮ್ಮಿನಲ್ಲೂ ಆಗಬಹುದು. ಜನರ ಬಾಯಲ್ಲಿ ಎರಡಕ್ಕೂ ಅಲ್ಸರ್ ಎಂದೇ ಹೆಸರು.

ಕಾವಲು ಹರಿಯುವವರು ಮುಖ್ಯವಾಗಿ ಇಬ್ಬರು. ಒಂದು, ಎಚ್. ಪೈಲೋರಿ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ. ಇನ್ನೊಂದು, ನೋವಿನ ಮಾತ್ರೆ. ಮೆಣಸಿನಕಾಯಿ ಅಲ್ಲ, ಹೊತ್ತಿಗೆ ಸರಿಯಾಗಿ ಊಟ ಮಾಡದಿದ್ದದ್ದಲ್ಲ, ಮಗಳ ಮದುವೆಯ ಚಿಂತೆಯೂ ಅಲ್ಲ. ಇವೆಲ್ಲ ಇದ್ದ ಉರಿಯನ್ನು ಹೆಚ್ಚು ಮಾಡಬಹುದು, ಅಷ್ಟೇ. ಬಂಗಡೆ ಸಾರಿನ ಖಾರಕ್ಕೆ ಹುಣ್ಣಾಗುವುದಾದರೆ ಕಾರವಾರದಿಂದ ಭಟ್ಕಳದವರೆಗೆ ಒಬ್ಬರಿಗೂ ನೆಟ್ಟಗಿನ ಜಠರ ಉಳಿಯುತ್ತಿರಲಿಲ್ಲ.

ಡಾಕ್ಟರುಗಳೂ ಬಹುಕಾಲ ಚಿಂತೆ, ಖಾರ, ಆಮ್ಲ ಎಂದೇ ಹೇಳುತ್ತಿದ್ದರು. ಆಮ್ಲ ಕಡಿಮೆ ಮಾಡಲು ನರ ಕತ್ತರಿಸುವುದು, ಜಠರದ ಭಾಗವನ್ನೇ ತೆಗೆಯುವುದು ಆಗ ಮಾಮೂಲಿ ಶಸ್ತ್ರಚಿಕಿತ್ಸೆ. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬಿಬ್ಬರು ಜಠರದಿಂದ ತೆಗೆದ ಚೂರುಗಳಲ್ಲಿ ಈ ಬ್ಯಾಕ್ಟೀರಿಯಾ ಕಂಡು, ಬೆಳೆಸಲು ನೋಡಿ ನೋಡಿ ಸೋತಿದ್ದರು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಎರಡು ದಿನಕ್ಕೆ ಹೊರಬರುವ ಬದಲು ಐದಾರು ದಿನ ಶಾಖದ ಪೆಟ್ಟಿಗೆಯಲ್ಲೇ ಉಳಿದವು, ಬ್ಯಾಕ್ಟೀರಿಯಾ ಬೆಳೆದಿತ್ತು. ಆದರೂ ಯಾರೂ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಕದಡಿದ ನೀರನ್ನು ತಾನೇ ಕುಡಿದ. ಕೆಲವೇ ದಿನದಲ್ಲಿ ವಾಂತಿ ಶುರುವಾಯಿತು, ಕ್ಯಾಮೆರಾ ಹಾಕಿ ನೋಡಿದರೆ ಜಠರ ಊದಿಕೊಂಡಿತ್ತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆಮ್ಲದ ಮಡುವಿನಲ್ಲಿ ಅದು ಬದುಕುವುದು ಹೇಗೆಂದರೆ, ಯೂರಿಯೇಸ್ ಎಂಬ ಕಿಣ್ವದಿಂದ ಅಮೋನಿಯಾ ಮಾಡಿಕೊಂಡು ತನ್ನ ಸುತ್ತಲಿನ ಆಮ್ಲವನ್ನು ಸಪ್ಪೆ ಮಾಡುತ್ತದೆ. ಈ ಗುಟ್ಟು ನೆನಪಿಟ್ಟುಕೊಳ್ಳಿ, ಪರೀಕ್ಷೆಯ ವಿಚಾರದಲ್ಲಿ ಬೇಕಾಗುತ್ತದೆ.

ಹಾಗಂತ ಹೆದರಬೇಡಿ. ನಮ್ಮ ದೇಶದಲ್ಲಿ ಬಹಳ ಜನರ ಹೊಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ಸಣ್ಣಂದಿನಿಂದಲೇ ಇರುತ್ತದೆ, ಹೆಚ್ಚಿನವರಿಗೆ ಆಯುಷ್ಯವಿಡೀ ಹುಣ್ಣಾಗುವುದಿಲ್ಲ.

ಮೊದಲ ಹೆಜ್ಜೆ: ಇದು ಕಾಯುವ ನೋವೋ, ಓಡುವ ನೋವೋ

ಹುಣ್ಣಿನ ನೋವು ಸಾಮಾನ್ಯವಾಗಿ ಎದೆಗೂಡಿನ ಕೆಳಗೆ, ಹೊಕ್ಕುಳಿಗಿಂತ ಮೇಲೆ. ಉರಿ, ಕೊರೆತ, ಹಸಿವಿನಂಥ ಸಂಕಟ. ಡ್ಯುವೋಡಿನಮ್ಮಿನ ಹುಣ್ಣಾದರೆ ಖಾಲಿ ಹೊಟ್ಟೆಯಲ್ಲಿ, ರಾತ್ರಿ ಎರಡು ಮೂರು ಗಂಟೆಗೆ ಎಬ್ಬಿಸುತ್ತದೆ, ಏನಾದರೂ ತಿಂದರೆ ತಗ್ಗುತ್ತದೆ. ಜಠರದ್ದಾದರೆ ಉಂಡ ಮೇಲೆ ಹೆಚ್ಚುತ್ತದೆ. ಪುಸ್ತಕದಲ್ಲಿ ಹೀಗೆ ಇದೆ, ಎಲ್ಲರ ಹೊಟ್ಟೆಯೂ ಪುಸ್ತಕದ ಪ್ರಕಾರ ನೋಯುವುದಿಲ್ಲ. ಎದೆ ಮೇಲೆ ಏರುವ ಉರಿ, ಹುಳಿತೇಗು ಬಹಳ ಸಲ ಬರೀ ಆಮ್ಲ ಮೇಲೆ ನುಗ್ಗುವುದರಿಂದ ಆದದ್ದು, ಹುಣ್ಣಲ್ಲ.

ಇವು ಕಂಡರೆ ಮಾತ್ರ ಅಂಗಡಿಗೆ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ: ರಕ್ತ ವಾಂತಿ, ಅಥವಾ ಕಾಫಿ ಗಸಿಯಂಥ ವಾಂತಿ. ರಸ್ತೆಗೆ ಹಾಕುವ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ವಿಪರೀತ ನಾತ ಬರುವ ಮಲ. ಚಾಕು ಹಾಕಿದಂತೆ ಒಮ್ಮೆಲೇ ಬಂದ ನೋವು, ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗುವುದು. ಈ ಕೊನೆಯದು ಹುಣ್ಣು ಒಡೆದು ತೂತಾದ ಲಕ್ಷಣ, ತಾಸುಗಳ ಮೇಲೆ ಜೀವ ನಿಂತಿರುತ್ತದೆ. ಅಂಥವರಿಗೆ ಹಾಲು, ಕಷಾಯ, ಮಾತ್ರೆ ಏನೂ ಕೊಡಬೇಡಿ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ, ತಿನ್ನುತ್ತಿದ್ದ ಮಾತ್ರೆಗಳ ಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಡಿ.

ಇನ್ನೊಂದು ಮಾತು. ಬೆವರು, ಏದುಸಿರು, ಎಡಗೈಗೋ ದವಡೆಗೋ ಹರಿಯುವ ನೋವು ಇದ್ದರೆ ಅದನ್ನು ಗ್ಯಾಸ್ ಎಂದು ಕರೆಯಬೇಡಿ. ಮೊದಲು ಇಸಿಜಿ ಮಾಡಿಸಿ. ಸೋಡಾ ಕುಡಿದು ತೇಗು ಬರಲಿ ಎಂದು ಕಾದು ಕೂತು ಹೋದವರ ಸುದ್ದಿ ಎಲ್ಲ ಊರಲ್ಲೂ ಇದೆ.

ಮಳೆಗಾಲದಲ್ಲಿ ಈ ತೀರ್ಮಾನವನ್ನು ಇನ್ನೂ ಬೇಗ ಮಾಡಬೇಕು. 2024ರ ಜುಲೈಯಲ್ಲಿ ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ದಿನಗಟ್ಟಲೆ ಬಂದಾಗಿತ್ತು. ದೇವಿಮನೆ ಘಟ್ಟ, ಅರಬೈಲ್ ಘಟ್ಟದ ಪಾಡೂ ಅದೇ. ಸಂಜೆ ಕಪ್ಪು ಮಲ ಕಂಡವರು ‘ಬೆಳಗಾಗಲಿ ನೋಡೋಣ’ ಅನ್ನುವ ಜಿಲ್ಲೆ ಇದಲ್ಲ.

ರಕ್ತ ಇಲ್ಲ, ನೋವೂ ಸಹಿಸುವಷ್ಟಿದೆ, ಆದರೆ ತೂಕ ಇಳಿಯುತ್ತಿದೆ, ನುಂಗಲು ಕಷ್ಟ, ಮೈ ಬಿಳುಚಿದೆ, ಪದೇ ಪದೇ ವಾಂತಿ, ಇಲ್ಲವೇ ಅರವತ್ತರ ಆಸುಪಾಸಿನಲ್ಲಿ ಹೊಸದಾಗಿ ಹೊಟ್ಟೆ ತೊಂದರೆ ಶುರುವಾಗಿದೆ ಎಂದಾದರೆ ಮಾತ್ರೆ ತಿಂದು ನೋಡುವುದು ಬೇಡ. ಮೊದಲು ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ಜಠರ ನೋಡುವುದು.

ಎರಡನೆಯದು: ಮನೆಯ ಮಾತ್ರೆಗಳನ್ನೆಲ್ಲ ಚಾಪೆಯ ಮೇಲೆ ಸುರಿಯಿರಿ

ಚಿಕ್ಕಮ್ಮನ ವಿಚಾರ ಇಲ್ಲಿ ಬರುತ್ತದೆ. ಅವಳಿಗೆ ಮೊಣಕಾಲು ನೋವು. ಡೈಕ್ಲೋಫೆನಾಕ್ ಮಾತ್ರೆ ದಿನಾ ರಾತ್ರಿ ಒಂದರಂತೆ ಮೂರು ತಿಂಗಳು ತಿಂದಳು. ಕೊಟ್ಟವನು ನಾನೇ, ಮನೆಯವಳು ಎಂದು ಚೀಟಿಯನ್ನೂ ಕೇಳದೆ. ಹೊಟ್ಟೆನೋವು ಒಂದು ದಿನವೂ ಇರಲಿಲ್ಲ. ಅದೇ ಈ ಮಾತ್ರೆಗಳ ಮೋಸ: ನೋವು ಮುಚ್ಚುವ ಮಾತ್ರೆ ತಾನು ಮಾಡಿದ ಗಾಯದ ನೋವನ್ನೂ ಮುಚ್ಚುತ್ತದೆ, ವಯಸ್ಸಾದವರಲ್ಲಂತೂ ಬಹಳ ಸಲ ರಕ್ತ ಹೋಗುವುದೇ ಮೊದಲ ಲಕ್ಷಣ. ಬಚ್ಚಲ ಬಾಗಿಲಲ್ಲಿ ಬಿದ್ದ ದಿನ ಕೇಳಿದರೆ, ‘ನಾಕು ದಿನ ಆತು ಕಪ್ಪಗೆ ಹೋಗ್ತಾ ಇತ್ತು ತಮಾ, ಬಸಳೆ ತಿಂದಿದ್ನಲ, ಅದ್ಕೇ ಇರವು ಅಂದ್ಕಂಡಿ’ ಎಂದಳು. ಹಿಮೋಗ್ಲೋಬಿನ್ 6ಕ್ಕೆ ಇಳಿದಿತ್ತು. ಮೂರು ಬಾಟಲಿ ರಕ್ತ ಕೊಟ್ಟರು, ಎಂಡೋಸ್ಕೋಪಿಯಲ್ಲೇ ರಕ್ತ ಒಸರುವ ಜಾಗಕ್ಕೆ ಕ್ಲಿಪ್ ಹಾಕಿದರು.

ನೋವಿನ ಮಾತ್ರೆ ಹುಣ್ಣು ಮಾಡುವುದು ಹೊಟ್ಟೆಯಲ್ಲಿ ಕರಗುವಾಗ ತಾಗುವುದರಿಂದಷ್ಟೇ ಅಲ್ಲ. ಜಠರದ ಲೋಳೆಯನ್ನೂ ರಕ್ತದ ಹರಿವನ್ನೂ ಕಾಯುವುದು ಪ್ರೋಸ್ಟಗ್ಲಾಂಡಿನ್ ಎಂಬ ವಸ್ತು. ಊತ, ನೋವು ಹುಟ್ಟಿಸುವುದೂ ಅದೇ ಕುಲದ್ದು. ಮಾತ್ರೆ ಎರಡನ್ನೂ ಒಟ್ಟಿಗೇ ನಿಲ್ಲಿಸುತ್ತದೆ. ಅದಕ್ಕೇ ‘ಊಟ ಆದ ಮೇಲೆ ತಿಂದಿದ್ದೆ, ಏನಾಗ್ತದೆ?’ ಎಂಬುದು ಪೂರ್ತಿ ರಕ್ಷಣೆಯಲ್ಲ. ‘ಇಂಜೆಕ್ಷನ್ ತಗೊಂಡೆ, ಹೊಟ್ಟೆಗೆ ಹೋಗಲೇ ಇಲ್ಲ’ ಎಂಬುದೂ ಅಲ್ಲ, ರಕ್ತದ ಮೂಲಕ ಅದು ಅಲ್ಲಿಗೆ ತಲುಪಿಯೇ ತಲುಪುತ್ತದೆ.

ಈಗ ಮಾತ್ರೆಗಳನ್ನು ಸುರಿದು ಕೂತಿರಿ ತಾನೆ? ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರ ಓದಿ, ಮುಂದಿನ ದೊಡ್ಡ ಹೆಸರಲ್ಲ. ಡೈಕ್ಲೋಫೆನಾಕ್, ಎಸಿಕ್ಲೋಫೆನಾಕ್, ಐಬುಪ್ರೊಫೆನ್, ನೆಪ್ರಾಕ್ಸೆನ್, ನಿಮೆಸುಲೈಡ್, ಪೈರಾಕ್ಸಿಕ್ಯಾಮ್, ಹಲ್ಲುನೋವಿಗೆ ಕೊಡುವ ಕೀಟೋರೊಲ್ಯಾಕ್, ಮುಟ್ಟಿನ ನೋವಿಗೆ ಕೊಡುವ ಮೆಫೆನಮಿಕ್ ಆಸಿಡ್: ಎಲ್ಲ ಒಂದೇ ಗೋತ್ರದವು. ‘ಪ್ಲಸ್’ ಎಂದು ಬಾಲ ಇರುವ ಹಲವು ಮಾತ್ರೆಗಳಲ್ಲಿ ಇವುಗಳಲ್ಲೊಂದು ಪ್ಯಾರಾಸಿಟಮಾಲ್ ಜೊತೆ ಅಡಗಿರುತ್ತದೆ. ಸಂಧಿವಾತಕ್ಕೆಂದು ಹೆಸರಿಲ್ಲದ ಪುಡಿ ಪೊಟ್ಟಣ ತರುತ್ತಿದ್ದರೆ ಅದನ್ನೂ ಚಾಪೆಗೆ ಹಾಕಿ. ಅಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಸಿಕ್ಕಿದ್ದುಂಟು, ಸ್ಟಿರಾಯ್ಡ್ ಮತ್ತು ನೋವಿನ ಮಾತ್ರೆ ಸೇರಿದರೆ ಹೊಟ್ಟೆಗೆ ಇಬ್ಬರು ಶತ್ರುಗಳು.

ಹುಣ್ಣಿನ ಅನುಮಾನ ಇದ್ದರೆ ಇವನ್ನು ನಿಲ್ಲಿಸಿ. ಒಂದಕ್ಕೆ ಮಾತ್ರ ಕೈ ಹಚ್ಚಬೇಡಿ: ಹೃದಯಕ್ಕೆಂದು ಬರೆದುಕೊಟ್ಟ 75 ಮಿಲಿಗ್ರಾಂ ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ. ಹೊಟ್ಟೆ ಉಳಿಸಲು ಹೋಗಿ ಹೃದಯ ಕಳೆದುಕೊಳ್ಳಬಾರದು. ಅದನ್ನು ಬಿಡುವುದೋ, ಜೊತೆಗೆ ಆಮ್ಲ ತಗ್ಗಿಸುವ ಮಾತ್ರೆ ಕೊಟ್ಟು ಮುಂದುವರಿಸುವುದೋ ಡಾಕ್ಟರೇ ಹೇಳಲಿ. ನೋವು ತಡೆಯಲಾಗದಿದ್ದರೆ ಪ್ಯಾರಾಸಿಟಮಾಲ್ ಇದೆ. ಜಠರಕ್ಕೆ ಅದು ಇವುಗಳಂತಲ್ಲ. ದಿನಕ್ಕೆ 3 ಗ್ರಾಂ ದಾಟಬೇಡಿ, ಕುಡಿಯುವ ಚಟವೋ ಲಿವರ್ ತೊಂದರೆಯೋ ಇದ್ದರೆ ಕೇಳದೆ ಅಷ್ಟೂ ಬೇಡ. ಮೊಣಕಾಲಿಗೆ ಹಚ್ಚುವ ಜೆಲ್ ಕೂಡ ಹೊಟ್ಟೆಗೆ ಅಷ್ಟಾಗಿ ತಾಗದು.

ಮೂರನೆಯದು: ಬ್ಯಾಕ್ಟೀರಿಯಾ ಇದೆಯೇ, ಇಲ್ಲವೇ

ದಾರಿ ಮೂರು. ಎಂಡೋಸ್ಕೋಪಿಯಲ್ಲಿ ಜಠರದ ಚೂರು ತೆಗೆದು ಯೂರಿಯಾ ಇರುವ ಹಳದಿ ಕಿಟ್ಟಿನಲ್ಲಿ ಹಾಕುತ್ತಾರೆ, ಬ್ಯಾಕ್ಟೀರಿಯಾ ಇದ್ದರೆ ಅಮೋನಿಯಾ ಹುಟ್ಟಿ ಅದು ಗುಲಾಬಿಗೆ ತಿರುಗುತ್ತದೆ. ಉಸಿರಿನ ಪರೀಕ್ಷೆಯೂ ಅದೇ ಗುಟ್ಟಿನ ಮೇಲೆ ನಡೆಯುತ್ತದೆ: ಯೂರಿಯಾ ಕೊಟ್ಟು, ಸ್ವಲ್ಪ ಹೊತ್ತಿನ ಮೇಲೆ ಊದಿಸಿ ನೋಡುತ್ತಾರೆ. ಮೂರನೆಯದು ಮಲದಲ್ಲಿ ಅದರ ಪ್ರೋಟೀನ್ ಹುಡುಕುವುದು. ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆಯನ್ನೂ ಕೆಲವು ಲ್ಯಾಬಿನವರು ಮಾಡುತ್ತಾರೆ. ಅದರಿಂದ ಬ್ಯಾಕ್ಟೀರಿಯಾ ಈಗ ಇದೆಯೋ ಹಿಂದೆ ಇತ್ತೋ ತಿಳಿಯುವುದಿಲ್ಲ. ನನ್ನನ್ನು ಕೇಳಿದರೆ ಅದಕ್ಕೆ ದುಡ್ಡು ಹಾಕಬೇಡಿ.

ಇಲ್ಲಿ ಬಹಳ ಜನ ಎಡವುತ್ತಾರೆ. ಗ್ಯಾಸ್ ಮಾತ್ರೆ ಎಂದು ಕೊಳ್ಳುವ, ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ತಿನ್ನುತ್ತಿರುವಾಗ ಪರೀಕ್ಷೆ ಮಾಡಿಸಿದರೆ ಬ್ಯಾಕ್ಟೀರಿಯಾ ಅಡಗಿ ‘ಇಲ್ಲ’ ಎಂದು ಬರಬಹುದು. ಪರೀಕ್ಷೆಗೆ ಎರಡು ವಾರ ಮೊದಲು ಆ ಮಾತ್ರೆ, ನಾಲ್ಕು ವಾರ ಮೊದಲು ಆಂಟಿಬಯೋಟಿಕ್ ನಿಲ್ಲಿಸಿರಬೇಕು. ನಿಲ್ಲಿಸಬಹುದೇ ಎಂದು ಕೇಳಿಯೇ ನಿಲ್ಲಿಸಿ, ರಕ್ತ ಹೋಗಿ ಈಗಷ್ಟೇ ಚೇತರಿಸಿಕೊಂಡವರಿಗೆ ಲೆಕ್ಕ ಬೇರೆ.

ಎಂಡೋಸ್ಕೋಪಿ ಎಂದರೆ ಜನ ಬೆಚ್ಚುತ್ತಾರೆ. ರಾತ್ರಿ ಉಂಡ ಮೇಲೆ ಏನೂ ತಿನ್ನದೆ, ಆರೆಂಟು ತಾಸು ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಗಂಟಲಿಗೆ ಜೋಮು ಹಿಡಿಸುವ ಸ್ಪ್ರೇ ಹೊಡೆಯುತ್ತಾರೆ, ಎಡಮಗ್ಗುಲಾಗಿ ಮಲಗಿಸಿ ಬೆರಳು ಗಾತ್ರದ ಕೊಳವೆ ಇಳಿಸುತ್ತಾರೆ. ವಾಕರಿಕೆ ಬರುತ್ತದೆ, ಉಸಿರೇನೂ ಕಟ್ಟುವುದಿಲ್ಲ, ಐದು ಹತ್ತು ನಿಮಿಷದ ಕೆಲಸ. ನಿದ್ದೆ ಬರಿಸುವ ಇಂಜೆಕ್ಷನ್ ಬೇಕೆಂದರೆ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ, ವಾಪಸು ಬೈಕ್ ಓಡಿಸುವ ಹಾಗಿಲ್ಲ. ಶಿರಸಿ, ಯಲ್ಲಾಪುರದವರು ದೊಡ್ಡ ಪರೀಕ್ಷೆಗೆ ಹುಬ್ಬಳ್ಳಿ ಕಡೆ ಮುಖ ಮಾಡುತ್ತಾರೆ, ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೆ, ಕಾರವಾರದವರು ಅಲ್ಲಿನ ಮೆಡಿಕಲ್ ಕಾಲೇಜಿಗೆ, ಅದು ಬಿಟ್ಟರೆ ಗೋವಾಕ್ಕೆ. ಅಷ್ಟು ದೂರ ಹೋಗುವ ಮೊದಲು ಹತ್ತಿರದಲ್ಲೇ ಆಗುತ್ತದೆಯೇ ಎಂದು ತಾಲೂಕು ಆಸ್ಪತ್ರೆಯಲ್ಲಿ ಕೇಳಿ. ಆಯುಷ್ಮಾನ್ ಕಾರ್ಡ್ ಮರೆಯಬೇಡಿ.

ನಾಲ್ಕನೆಯದು: ಹದಿನಾಲ್ಕು ದಿನದ ನೇಮ

ಬ್ಯಾಕ್ಟೀರಿಯಾ ಸಿಕ್ಕಿತು ಅನ್ನಿ. ಡಾಕ್ಟರು ಆಮ್ಲ ತಗ್ಗಿಸುವ ಮಾತ್ರೆಯ ಜೊತೆ ಎರಡು ಆಂಟಿಬಯೋಟಿಕ್ ಕೊಡುತ್ತಾರೆ, ಹಲವು ಸಲ ಬಿಸ್ಮತ್ ಎಂಬ ಮಾತ್ರೆ ಕೂಡ. ಅಮಾಕ್ಸಿಸಿಲಿನ್, ಕ್ಲಾರಿಥ್ರೊಮೈಸಿನ್, ಮೆಟ್ರೊನಿಡಜೋಲ್, ಟೆಟ್ರಾಸೈಕ್ಲಿನ್ ಇವುಗಳಲ್ಲಿ ಯಾವ ಜೋಡಿ ಎಂಬುದು ಅವರ ಲೆಕ್ಕ. ನಮ್ಮ ದೇಶದಲ್ಲಿ ಕ್ಲಾರಿಥ್ರೊಮೈಸಿನ್‌ಗೂ ಮೆಟ್ರೊನಿಡಜೋಲ್‌ಗೂ ಈ ಬ್ಯಾಕ್ಟೀರಿಯಾ ಸಾಕಷ್ಟು ಪಳಗಿಬಿಟ್ಟಿದೆ. ಪಳಗಿಸಿದವರು ನಾವೇ, ಜ್ವರಕ್ಕೆ ಎರಡು, ಭೇದಿಗೆ ಮೂರು ಎಂದು ಬಿಡಿ ಮಾತ್ರೆ ಕೊಂಡವರು ಮತ್ತು ಕೊಟ್ಟವರು. ಹಿಂದೆ ಯಾವ ಆಂಟಿಬಯೋಟಿಕ್ ತಿಂದಿದ್ದಿರಿ, ಪೆನಿಸಿಲಿನ್ ಆಗಿಬರುತ್ತದೆಯೇ, ಕೊಲೆಸ್ಟರಾಲಿಗೆ ಮಾತ್ರೆ ಇದೆಯೇ, ಗರ್ಭಿಣಿಯೇ ಎಂಬುದನ್ನು ಮೊದಲೇ ಹೇಳಿ.

ಸಾಮಾನ್ಯವಾಗಿ ಹದಿನಾಲ್ಕು ದಿನ ತಿನ್ನಬೇಕು. ಬಾಯಿ ಕಹಿಯಾಗುತ್ತದೆ, ಲೋಹ ನೆಕ್ಕಿದ ರುಚಿ ಬರುತ್ತದೆ, ಹೊಟ್ಟೆ ಸಡಿಲವಾಗುತ್ತದೆ. ಐದನೆಯ ದಿನಕ್ಕೆ ನೋವು ಹೋಗಿರುತ್ತದೆ, ‘ಸಾಕು ಬಿಡು’ ಅನ್ನಿಸುತ್ತದೆ. ಅಲ್ಲೇ ಬಿಟ್ಟರೆ ಉಳಿದುಕೊಂಡ ಬ್ಯಾಕ್ಟೀರಿಯಾ ಮುಂದಿನ ಸಲ ಅದೇ ಮಾತ್ರೆಗೆ ಬಗ್ಗುವುದಿಲ್ಲ. ನಾನು ಒಂದು ಉಪಾಯ ಹೇಳಿಕೊಡುತ್ತೇನೆ: ಗೋಡೆಯ ಕ್ಯಾಲೆಂಡರಿನಲ್ಲಿ ಹದಿನಾಲ್ಕು ಚೌಕಕ್ಕೆ ಗುರುತು ಹಾಕಿ, ಪ್ರತಿ ಹೊತ್ತಿಗೂ ಒಂದು ಗೀಟು. ಮೆಟ್ರೊನಿಡಜೋಲ್ ಇದ್ದರೆ ಸಾರಾಯಿ, ಬಿಯರ್ ಬೇಡ, ಮುಗಿದ ಮೇಲೆ ಎರಡು ಮೂರು ದಿನದವರೆಗೂ. ಬಿಸ್ಮತ್ ಇದ್ದರೆ ನಾಲಿಗೆಯೂ ಮಲವೂ ಕಪ್ಪಾಗುತ್ತವೆ. ಕಬ್ಬಿಣದ ಮಾತ್ರೆಯಲ್ಲೂ ಮಲ ಕಪ್ಪಾಗುತ್ತದೆ. ಆದರೆ ಡಾಂಬರಿನ ಅಂಟು, ನಾತ, ತಲೆಸುತ್ತು ಜೊತೆಗಿದ್ದರೆ ಮಾತ್ರೆಯ ಮೇಲೆ ಹಾಕಿ ಸುಮ್ಮನಿರಬೇಡಿ.

ಆಮ್ಲ ತಗ್ಗಿಸುವ ಮಾತ್ರೆಯನ್ನು ತಿನ್ನುವ ಹೊತ್ತು ಮುಖ್ಯ. ಊಟ ಶುರುವಾದಾಗ ಜಠರದ ಆಮ್ಲದ ಪಂಪುಗಳು ಎಚ್ಚರಗೊಳ್ಳುತ್ತವೆ, ಮಾತ್ರೆ ಹಿಡಿಯುವುದು ಎಚ್ಚರವಿದ್ದ ಪಂಪನ್ನು ಮಾತ್ರ. ಹಾಗಾಗಿ ಬೆಳಗಿನ ತಿಂಡಿಗೆ ಅರ್ಧ ತಾಸು ಮೊದಲು, ನೀರಲ್ಲಿ, ಜಗಿಯದೆ, ಪುಡಿ ಮಾಡದೆ. ದೋಸೆ ತಿಂದು, ಚಾ ಕುಡಿದು, ಆಮೇಲೆ ನೆನಪಾಗಿ ನುಂಗಿದರೆ ಅರ್ಧ ದುಡ್ಡು ದಂಡ. ಡ್ಯುವೋಡಿನಮ್ಮಿನ ಹುಣ್ಣಿಗೆ ನಾಲ್ಕು ವಾರ, ಜಠರದ್ದಕ್ಕೆ ಎಂಟು ವಾರ ಸಾಮಾನ್ಯ ಲೆಕ್ಕ. ಡಾಂಪೆರಿಡೋನ್ ಸೇರಿಸಿದ ಕ್ಯಾಪ್ಸೂಲು ನಮ್ಮಲ್ಲಿ ಬೆಲ್ಲದ ಹಾಗೆ ಖರ್ಚಾಗುತ್ತದೆ. ಅದು ವಾಕರಿಕೆಗೆ ಇರುವುದು, ಹುಣ್ಣಿಗಲ್ಲ, ಹೃದಯದ ಬಡಿತ ಏರುಪೇರಾಗುವವರಿಗೆ ಅಪಾಯವೂ ಹೌದು. ಜೆಲುಸಿಲ್, ಡೈಜಿನ್ ಥರದವು ಆ ಹೊತ್ತಿನ ಉರಿ ತಣಿಸುತ್ತವೆ, ಗಾಯದ ಮೂಲಕ್ಕೆ ಮುಟ್ಟುವುದಿಲ್ಲ. ಕುಡಿಯುವುದಿದ್ದರೆ ಬೇರೆ ಮಾತ್ರೆಗೂ ಅದಕ್ಕೂ ಎರಡು ತಾಸು ಅಂತರ ಇರಲಿ. ಕಡಿಮೆ ಬೆಲೆಗೆ ಬೇಕಾದರೆ ಜನೌಷಧಿ ಕೇಂದ್ರದಲ್ಲಿ ಕೇಳಿ. ನನ್ನ ವ್ಯಾಪಾರಕ್ಕೆ ನಷ್ಟ, ನಿಮ್ಮ ಹೊಟ್ಟೆಗೇನೂ ಅಲ್ಲ.

ಅಡುಗೆಮನೆಯ ವಿಚಾರ

ಎಲ್ಲರಿಗೂ ಮೊದಲು ಬೇಕಾದ ಉತ್ತರ ಇದು, ಹೇಳಲು ಇರುವುದು ಮಾತ್ರ ಕಡಿಮೆ. ಹುಣ್ಣು ಮಾಯಿಸುವ ಆಹಾರ ಎಂಬುದಿಲ್ಲ. ನಿಮಗೆ ಆಗಿಬಾರದ್ದನ್ನು ಆ ಕೆಲವು ವಾರ ಬಿಡಿ. ಖಾಲಿ ಹೊಟ್ಟೆಯಲ್ಲಿ ಅಪ್ಪೆಹುಳಿ ಕುಡಿದರೆ ಉರಿ ಬಂದರೆ ಬಿಡಿ, ಊಟದ ಜೊತೆ ಏನೂ ಆಗದಿದ್ದರೆ ಕುಡಿಯಿರಿ. ಮುರುಗಲು ಸಾರಿಗೂ, ಮಿಡಿ ಉಪ್ಪಿನಕಾಯಿಗೂ ಇದೇ ಮಾತು. ಗಂಜಿ, ತಂಬುಳಿ, ಮಜ್ಜಿಗೆ ಹಿತವಾಗಿರುತ್ತವೆ, ಉಣ್ಣಿ, ಅವೇ ಔಷಧಿ ಅಂದುಕೊಳ್ಳಬೇಡಿ. ಹಾಲು ಕುಡಿದಾಗ ಒಂದರ್ಧ ತಾಸು ತಂಪು, ಆಮೇಲೆ ಅದೇ ಹೆಚ್ಚು ಆಮ್ಲ ಬರಿಸುತ್ತದೆ. ಬಿಪಿ ಇದ್ದವರು ಅಡುಗೆ ಸೋಡಾ ಕದಡಿ ಕುಡಿಯುವುದೂ ಬೇಡ, ದಿನಾ ಜ್ಯೇಷ್ಠಮಧು ಜಗಿಯುವುದೂ ಬೇಡ.

ಬೀಡಿ, ಸಿಗರೇಟು ಹುಣ್ಣು ಮಾಯುವುದನ್ನು ತಡೆಯುತ್ತವೆ, ಮತ್ತೆ ಬರಿಸುತ್ತವೆ. ಎಲೆಯಡಿಕೆಯ ಕವಳ ಬಿಡಿ ಎಂದರೆ ನಮ್ಮ ಕಡೆ ಜಗಳಕ್ಕೇ ಬರುತ್ತಾರೆ. ಕೊನೇಪಕ್ಷ ಅದರೊಳಗಿನ ಹೊಗೆಸೊಪ್ಪನ್ನಾದರೂ ಬಿಡಿ. ಗೋವಾದಿಂದ ಬರುವ ಬಾಟಲಿಯ ಬಗ್ಗೆ ನಾನು ಬೇರೆ ಹೇಳಬೇಕಿಲ್ಲ.

ಕೊನೆಯದು: ಹೋಯಿತೇ ಎಂದು ನೋಡುವುದು

ನೋವು ಹೋದ ಮಾತ್ರಕ್ಕೆ ಬ್ಯಾಕ್ಟೀರಿಯಾ ಹೋಗಿರುವುದಿಲ್ಲ. ಆಂಟಿಬಯೋಟಿಕ್ ಮುಗಿದು ಕನಿಷ್ಠ ನಾಲ್ಕು ವಾರ ಬಿಟ್ಟು, ಆಮ್ಲದ ಮಾತ್ರೆ ಎರಡು ವಾರ ನಿಲ್ಲಿಸಿ, ಉಸಿರಿನದ್ದೋ ಮಲದ್ದೋ ಪರೀಕ್ಷೆ ಮಾಡಿಸಿ. ಇನ್ನೂ ಇದ್ದರೆ ಬೇರೆ ಜೋಡಿಯ ಮಾತ್ರೆ ಕೊಡುತ್ತಾರೆ. ಇದನ್ನು ಮಾಡಿಸುವವರು ನನ್ನ ಗಿರಾಕಿಗಳಲ್ಲಿ ಹತ್ತರಲ್ಲಿ ಒಬ್ಬರಿಲ್ಲ. ಹುಣ್ಣು ಜಠರದಲ್ಲೇ ಇತ್ತು ಎಂದಾದರೆ ಎರಡು ಮೂರು ತಿಂಗಳಿಗೆ ಮತ್ತೊಮ್ಮೆ ಎಂಡೋಸ್ಕೋಪಿ ಬೇಕೇ ಎಂದು ಕೇಳಿ. ಕೆಲವೊಮ್ಮೆ ಹುಣ್ಣಿನ ವೇಷದಲ್ಲಿ ಕ್ಯಾನ್ಸರ್ ಕೂತಿರುತ್ತದೆ, ಮಾತ್ರೆಗೆ ನೋವು ತಗ್ಗಿ ಮೋಸ ಮಾಡುತ್ತದೆ. ಡ್ಯುವೋಡಿನಮ್ಮಿನ ಹುಣ್ಣಿನಲ್ಲಿ ಆ ಭಯ ಬಹಳ ಕಡಿಮೆ.

ಮೂಲ ತೆಗೆದ ಮೇಲೆ ಗ್ಯಾಸ್ ಮಾತ್ರೆಯನ್ನು ಆಯುಷ್ಯಪೂರ್ತಿ ತಿನ್ನಬೇಕಾಗಿಲ್ಲ. ಬಿಟ್ಟ ಮೊದಲ ಒಂದೆರಡು ವಾರ ಆಮ್ಲ ಉಕ್ಕಿ ಬಂದು, ‘ಅಯ್ಯೋ, ಮತ್ತೆ ಶುರುವಾಯ್ತು’ ಅನ್ನಿಸಬಹುದು, ಹೆಚ್ಚಿನವರಿಗೆ ತಾನಾಗಿ ತಣಿಯುತ್ತದೆ. ನೋವಿನ ಮಾತ್ರೆಯನ್ನೋ ಆಸ್ಪಿರಿನ್ನನ್ನೋ ಬಿಡಲಾಗದವರು ಮಾತ್ರ ಡಾಕ್ಟರು ಹೇಳಿದಷ್ಟು ಕಾಲ ಅದನ್ನು ಜೊತೆಗಿಟ್ಟುಕೊಳ್ಳಬೇಕು.

ಚಿಕ್ಕಮ್ಮನಿಗೆ ಬ್ಯಾಕ್ಟೀರಿಯಾ ಇರಲಿಲ್ಲ, ಮಾತ್ರೆಯೊಂದೇ ಕಾರಣ. ಈಗ ಪ್ಯಾರಾಸಿಟಮಾಲ್, ಬಿಸಿನೀರಿನ ಶಾಖ, ಫಿಸಿಯೋಥೆರಪಿಯವರು ಕಲಿಸಿದ ಎರಡು ವ್ಯಾಯಾಮ. ಮಾರಿಕಾಂಬೆ ಜಾತ್ರೆಗೆ ಬಂದವಳು ಗದ್ದುಗೆಯ ಮುಂದೆ ಸಾಲಿನಲ್ಲಿ ನಿಂತು ಕಾಲು ಹಿಡಿದು ಅಂಗಡಿಗೆ ಬಂದು ಕೂತಳು. ‘ಆ ಹಳೇ ಮಾತ್ರೆ ಒಂದೇ ಒಂದು ಕೊಡಾ ತಮಾ, ಯಾರಿಗೂ ಹೇಳ್ತ್ನಿಲ್ಲೆ.’ ನಾನು ಜೆಲ್ಲಿನ ಟ್ಯೂಬು ತೆಗೆದು ಮುಂದಿಟ್ಟೆ. ಅವಳು ಅದನ್ನು ಚೀಲಕ್ಕೆ ಹಾಕಿಕೊಂಡು, ದುಡ್ಡು ಕೊಡದೆ, ಒಂದು ಮಾತೂ ಆಡದೆ ಎದ್ದು ಹೋದಳು.